ಟಿ.ಎ. ಗುಂಡಿ ಆಫ್ ಮಾಡುವ ಮುಂಚೆ

ಹೋದ ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿಕೊಂಡು ಫ್ರಾಂಕ್‌ಫರ್ಟ್‌ನಿಂದ ಕಾರ್ಲ್ಸ್‌ರೂಹೆಗೆ ಎರಡು ಕಾರುಗಳಲ್ಲಿ ವಾಪಸ್ ಬರುತ್ತಿದ್ದೆವು. ರಾತ್ರಿ ಹನ್ನೊಂದು ದಾಟಿತ್ತು. ಮುಂದಿನ ಕಾರು ನಮ್ಮದೇ, ಅಂದರೆ ನಾವು ನಾಲ್ಕು ಜನ ದುಡ್ಡು ಹಾಕಿ ಕೊಂಡಿದ್ದ ಮೂರನೇ ಕೈ ಕಾರು. ಹಿಂದಿನದು ಗಂಟೆ ಲೆಕ್ಕದ ಬಾಡಿಗೆ ಕಾರು. ಎ5 ಆಟೋಬಾನ್ ಖಾಲಿ ಇತ್ತು. ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ಹಾಕಿಕೊಂಡು, ಎಡಗಡೆ ಲೇನಿನಲ್ಲಿ ಒಂದು ಲಾರಿಯನ್ನು ಹಿಂದೆ ಹಾಕುತ್ತಿದ್ದೆವು. ಅಷ್ಟರಲ್ಲಿ ಹಿಂದಿನ ಕಾರಿನವರ ಫೋನ್ ಬಂತು. "ಲೋ, ಬಲಗಡೆ ಲೇನಿಗೆ ಬನ್ರೋ. ಓವರ್‌ಟೇಕ್ ಮಾಡ್ಬೇಡಿ. ಎದುರಿಂದ ಯಾರೋ ರಾಂಗ್ ಸೈಡಲ್ಲಿ ಬರ್ತಿದಾರಂತೆ, ರೇಡಿಯೋದಲ್ಲಿ ಈಗ್ತಾನೇ ಹೇಳಿದ್ರು."

ಬಲಕ್ಕೆ ಬಂದೆವು, ವೇಗ ಇಳಿಸಿದೆವು, ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕ್‌ನಲ್ಲಿ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅಪಾಯ ಕಳೆದಿದೆ ಅಂತ ರೇಡಿಯೋದಲ್ಲೇ ಹೇಳಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಬಾಡಿಗೆ ಕಾರಿನಲ್ಲೂ ಅವರು ಫೋನಿನ ಹಾಡನ್ನೇ ಕೇಳುತ್ತಿದ್ದರು. ಹಾಡು ನಿಂತು ತಾನಾಗೇ ರೇಡಿಯೋ ಮಾತಾಡಿತಂತೆ. ನಮ್ಮ ಕಾರಿನಲ್ಲಿ ಯಾಕೆ ಮಾತಾಡಲಿಲ್ಲ?

ಉತ್ತರ ಸಿಕ್ಕಿದ್ದು ಮಾರನೇ ದಿನ, ಮ್ಯಾನುಯಲ್ ಓದಿದಾಗ. ಸೆಟ್‌ನಲ್ಲಿ ಟಿ.ಎ. ಅಂತ ಒಂದು ಗುಂಡಿ ಇದೆ. ಅದನ್ನು ಆಫ್ ಮಾಡಿಟ್ಟವರು ನಾವೇ. ಒಳ್ಳೆ ಹಾಡು ಬರುವಾಗ ನಡುವೆ ಜರ್ಮನ್‌ನಲ್ಲಿ ಯಾರೋ ಮಾತಾಡ್ತಾರೆ, ಕಿರಿಕಿರಿ ಅಂತ. ಆವತ್ತಿನಿಂದ ಆ ಸೆಟ್‌ನ ಒಂದೊಂದು ಗುಂಡಿಯ ಅರ್ಥವನ್ನೂ ತಿಳಿದುಕೊಳ್ಳುತ್ತಾ ಹೋದೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಮುಂದಿನ ಬ್ಯಾಚಿನವರು ಹಳೇ ಕಾರು ಕೊಳ್ಳುವುದು ಖಂಡಿತ, ಉಪಯೋಗಕ್ಕೆ ಬಂದೀತು.

ಒಂದು ಅಡ್ಡಮಾತು. ರೇಡಿಯೋ ತರಂಗಗಳು ನಿಜಕ್ಕೂ ಇವೆ ಎಂದು 1880ರ ದಶಕದಲ್ಲಿ ಹೈನ್ರಿಖ್ ಹರ್ಟ್ಸ್ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಈ ಕ್ಯಾಂಪಸ್ಸಿನಲ್ಲೇ. ಮೊದಲ ಮೋಟಾರ್ ಕಾರಿಗೆ 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆನ್ಜ್ ಹುಟ್ಟಿದ್ದು, ಓದಿದ್ದು ಇದೇ ಊರಿನಲ್ಲಿ. ಕಾರೂ ರೇಡಿಯೋವೂ ಎರಡೂ ನಮ್ಮ ಕಾಲೇಜಿನವೇ ಅಂತ ಜಂಬ ಕೊಚ್ಚಿಕೊಳ್ಳುವ ನಮಗೆ ಕಾರಿನ ರೇಡಿಯೋ ಮಾತ್ರ ಗೊತ್ತಿರಲಿಲ್ಲ.

ಹಾಡಿನ ಬೆನ್ನ ಮೇಲೆ ಕೂತ ಮಾಹಿತಿ

ಎಫ್.ಎಂ. ಸ್ಟೇಷನ್ ಅಂದರೆ ಬರೀ ಹಾಡು ಮಾತ್ರ ಬರುತ್ತೆ ಅಂದುಕೊಂಡಿದ್ದೆವು. ಹಾಗಲ್ಲ. ಸ್ಟೇಷನ್ ಕಳಿಸುವ ಸಂಕೇತ ಹಲವು ಅಂತಸ್ತಿನ ಮನೆಯ ಹಾಗಿದೆ. ಕೆಳಗಿನ ಅಂತಸ್ತಿನಲ್ಲಿ, 15 ಕಿಲೋಹರ್ಟ್ಸ್‌ವರೆಗೆ, ಎಡ ಬಲ ಎರಡೂ ದನಿ ಕೂಡಿಸಿದ ಮೊತ್ತ. 19ರಲ್ಲಿ ಸಣ್ಣದೊಂದು ಗುರುತಿನ ಸ್ವರ. ಅದು ಕಂಡರೆ ಇದು ಸ್ಟೀರಿಯೋ ಸ್ಟೇಷನ್ ಅಂತ ಸೆಟ್‌ಗೆ ಗೊತ್ತಾಗುತ್ತದೆ. 23ರಿಂದ 53ರವರೆಗೆ ಎಡ ಬಲಗಳ ವ್ಯತ್ಯಾಸ. ಅದರ ಮೇಲೆ 57 ಕಿಲೋಹರ್ಟ್ಸ್‌ನಲ್ಲಿ, ನಮ್ಮ ಕಿವಿಗೆ ಬೀಳದಂತೆ, ಆರ್.ಡಿ.ಎಸ್. ಎಂಬ ಮಾಹಿತಿಯ ಎಳೆ ಓಡುತ್ತಿರುತ್ತದೆ. ಅದರ ವೇಗ ಸೆಕೆಂಡಿಗೆ ಬರೀ 1187.5 ಬಿಟ್. ಇವತ್ತಿನ ಫೋನಿಗೆ ಹೋಲಿಸಿದರೆ ಬಸವನಹುಳು. ಆದರೂ ಪರದೆಯ ಮೇಲೆ ಬರುವ ಎಂಟು ಅಕ್ಷರದ ಸ್ಟೇಷನ್ ಹೆಸರು, ಗಡಿಯಾರದ ಸಮಯ, ಇದೇ ಕಾರ್ಯಕ್ರಮ ಇನ್ನೂ ಯಾವ ಯಾವ ಫ್ರೀಕ್ವೆನ್ಸಿಯಲ್ಲಿದೆ ಅನ್ನುವ ಪಟ್ಟಿ ಎಲ್ಲವೂ ಬರುವುದು ಈ ಸಣ್ಣ ಎಳೆಯಲ್ಲೇ.

ಇದರೊಳಗೆ ಎರಡು ಪುಟ್ಟ ಬಾವುಟಗಳಿವೆ. ಟಿ.ಪಿ. ಅನ್ನುವುದು 'ಈ ಸ್ಟೇಷನ್ ಟ್ರಾಫಿಕ್ ಸುದ್ದಿ ಕೊಡುತ್ತದೆ' ಎನ್ನುವ ಕಾಯಂ ಬಾವುಟ. ಟಿ.ಎ. ಅನ್ನುವುದು ಸುದ್ದಿ ಓದುವಷ್ಟು ಹೊತ್ತು ಮಾತ್ರ ಮೇಲೇಳುವ ಬಾವುಟ. ನೀವು ಟಿ.ಎ. ಗುಂಡಿ ಆನ್ ಮಾಡಿಟ್ಟಿದ್ದರೆ, ಫೋನಿನ ಹಾಡು ಕೇಳುತ್ತಿದ್ದರೂ ಸೆಟ್ ಹಿನ್ನೆಲೆಯಲ್ಲಿ ರೇಡಿಯೋವನ್ನು ಗಮನಿಸುತ್ತಲೇ ಇರುತ್ತದೆ. ಬಾವುಟ ಎದ್ದ ತಕ್ಷಣ ಹಾಡು ನಿಲ್ಲಿಸಿ ಸುದ್ದಿ ಕೇಳಿಸುತ್ತದೆ. ಬಾವುಟ ಇಳಿದರೆ ಹಾಡು ವಾಪಸ್. ಈ ಯೋಚನೆ ಜರ್ಮನಿಗೆ ಹೊಸದೇನಲ್ಲ. ಆರ್.ಡಿ.ಎಸ್.ಗಿಂತ ಮುಂಚೆಯೇ, 1974ರಲ್ಲಿ, ಎ.ಆರ್.ಐ. ಎಂಬ ವ್ಯವಸ್ಥೆ ಇದೇ 57 ಕಿಲೋಹರ್ಟ್ಸ್ ಜಾಗದಲ್ಲಿ ಇದೇ ಕೆಲಸ ಮಾಡುತ್ತಿತ್ತು.

ಇಲ್ಲೊಂದು ತೊಡಕಿದೆ. ಹಿನ್ನೆಲೆಯಲ್ಲಿರುವ ಸ್ಟೇಷನ್‌ಗೆ ಟಿ.ಪಿ. ಇರಬೇಕು. ನೀವು ಕೊನೆಗೆ ಕೇಳಿದ್ದು ಟ್ರಾಫಿಕ್ ಸುದ್ದಿಯೇ ಇಲ್ಲದ ಸಣ್ಣ ಸ್ಟೇಷನ್ ಆಗಿದ್ದು, ಆಮೇಲೆ ಬ್ಲೂಟೂತ್‌ಗೆ ಹೋಗಿದ್ದರೆ, ಗುಂಡಿ ಆನ್ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ಹೊರಡುವಾಗ ನಮ್ಮ ಕಡೆ ಎಸ್.ಡಬ್ಲ್ಯೂ.ಆರ್. 3, ಹೆಸ್ಸೆನ್ ಕಡೆ ಎಚ್.ಆರ್. 3, ಮ್ಯೂನಿಕ್ ಕಡೆ ಬಯರ್ನ್ 3, ಹೀಗೆ ಒಂದು ದೊಡ್ಡ ಸ್ಟೇಷನ್‌ಗೆ ಸೆಟ್ ಮಾಡಿ, ಪರದೆಯ ಮೇಲೆ ಟಿ.ಪಿ. ಅಂತ ಬಂದಿದ್ದನ್ನು ನೋಡಿ, ಆಮೇಲೆ ಫೋನಿಗೆ ಹೋಗಿ. ಆನ್‌ಲೈನಿನಲ್ಲಿ ಸಿಗುವ ಕೆಲವು ಅಗ್ಗದ ಟಚ್ ಸ್ಕ್ರೀನ್ ಸೆಟ್‌ಗಳಲ್ಲಿ ಆರ್.ಡಿ.ಎಸ್. ಇರುವುದೇ ಇಲ್ಲ, ಇದ್ದರೂ ಸ್ಟೇಷನ್ ಹೆಸರು ತೋರಿಸುವುದಕ್ಕಷ್ಟೇ. ಕೊಳ್ಳುವ ಮುಂಚೆ ಕೇಳಿ.

ಫೋನಿನ ಮ್ಯಾಪ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ನಮ್ಮಲ್ಲೇ ವಾದ ಆಯಿತು. ಮ್ಯಾಪ್ ಕೆಂಪು ಗೆರೆ ತೋರಿಸುವುದು ಬಹಳ ಕಾರುಗಳು ನಿಧಾನ ಆದಾಗ. ರಾತ್ರಿ ಖಾಲಿ ರಸ್ತೆಯಲ್ಲಿ ಒಂದೇ ಒಂದು ಕಾರು ಎದುರಿನಿಂದ ಬಂದರೆ ಜಾಮ್ ಆಗುವುದಿಲ್ಲ, ಆಗುವ ಹೊತ್ತಿಗೆ ಅನಾಹುತ ಆಗಿರುತ್ತದೆ. ಪೊಲೀಸರಿಗೆ ಫೋನ್ ಹೋಗಿ, ಅವರಿಂದ ಸ್ಟೇಷನ್‌ಗೆ ಹೋಗಿ, ನಡೆಯುತ್ತಿರುವ ಕಾರ್ಯಕ್ರಮವನ್ನೇ ನಿಲ್ಲಿಸಿ ಓದುವ ಎಚ್ಚರಿಕೆ ಬೇರೆಯೇ ಜಾತಿಯದು.

ಭಾಷೆಯ ಭಯವೂ ಬೇಡ. ಎ1 ಮಟ್ಟದ ಜರ್ಮನ್ ಸಾಕು. ಮೊದಲು ರಸ್ತೆಯ ನಂಬರ್, ಆಮೇಲೆ ಯಾವ ಊರಿಂದ ಯಾವ ಊರಿನ ಕಡೆಗೆ, ಆಮೇಲೆ ಯಾವ ಎರಡು ಎಕ್ಸಿಟ್‌ಗಳ ನಡುವೆ ಅಂತ ಹೇಳುತ್ತಾರೆ. 'ಷ್ಟಾವ್' ಅಂದರೆ ಜಾಮ್. 'ಫೋಲ್‌ಷ್ಪೆರುಂಗ್' ಅಂದರೆ ರಸ್ತೆ ಪೂರ್ತಿ ಬಂದ್. 'ಗೇಗನ್‌ಷ್ಟಾಂಡ್' ಅಂದರೆ ರಸ್ತೆ ಮೇಲೆ ಏನೋ ಬಿದ್ದಿದೆ. 'ಫಾಲ್ಶ್‌ಫಾರರ್' ಅನ್ನುವ ಪದ ಕಿವಿಗೆ ಬಿದ್ದರೆ ಮಿಕ್ಕಿದ್ದು ಅರ್ಥವಾಗಲು ಕಾಯಬೇಡಿ: ಬಲಗಡೆ ಲೇನಿಗೆ ಬನ್ನಿ, ಓವರ್‌ಟೇಕ್ ಬೇಡ, ಮುಂದಿನ ಕಾರಿನಿಂದ ದೂರ ಇಟ್ಟುಕೊಳ್ಳಿ, ಮೊದಲು ಸಿಕ್ಕ ಎಕ್ಸಿಟ್ ಅಥವಾ ಪಾರ್ಕಿಂಗ್‌ನಲ್ಲಿ ಇಳಿದುಬಿಡಿ.

ಸುದ್ದಿಯ ದನಿ ಜೋರಾಗಿ ಬಂದು ಬೆಚ್ಚಿ ಬೀಳಿಸುತ್ತೆ ಅನ್ನುವುದು ನಮ್ಮ ಮೂಲ ದೂರು. ಅದಕ್ಕೂ ಮದ್ದಿದೆ. ಎಷ್ಟೋ ಸೆಟ್‌ಗಳಲ್ಲಿ ಟ್ರಾಫಿಕ್ ಸುದ್ದಿಗೆ ಬೇರೆಯೇ ವಾಲ್ಯೂಮ್ ಇರುತ್ತದೆ. ಸುದ್ದಿ ಬರುತ್ತಿರುವಾಗಲೇ ವಾಲ್ಯೂಮ್ ತಿರುಗಿಸಿದರೆ ಮುಂದಿನ ಸಲಕ್ಕೆ ಅದು ನೆನಪಿಟ್ಟುಕೊಳ್ಳುತ್ತದೆ. ಗುಂಡಿ ಆಫ್ ಮಾಡುವ ಬದಲು ನಾವು ಇಷ್ಟು ಮಾಡಿದ್ದರೆ ಸಾಕಿತ್ತು.

ಇನ್ನೊಂದು ವಿಷಯ. ನಮ್ಮ ವೇಗೇ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಅಂತ ಕಟ್ಟುತ್ತೇವಲ್ಲ, ಟಿವಿ ಇಲ್ಲ ರೇಡಿಯೋ ಇಲ್ಲ ಯಾಕೆ ಕಟ್ಟಬೇಕು ಅಂತ ಪ್ರತಿ ಸಲ ಗೊಣಗುತ್ತೇವಲ್ಲ, ಆ ದುಡ್ಡು ಹೋಗುವುದು ಈ ಸ್ಟೇಷನ್‌ಗಳಿಗೇ.

ಬೆಟ್ಟದ ಮರೆಯಲ್ಲಿ

ಎ.ಎಫ್. ಗುಂಡಿಯ ಕೆಲಸ ಅರ್ಥವಾಗಬೇಕಾದರೆ ಒಂದು ಸಲ ಬ್ಲಾಕ್ ಫಾರೆಸ್ಟ್ ಕಡೆ ಹೋಗಿ ಬನ್ನಿ. ಎಫ್.ಎಂ. ಅಲೆ ಹೆಚ್ಚುಕಮ್ಮಿ ಕಣ್ಣಿಗೆ ಕಾಣುವಷ್ಟು ದೂರಕ್ಕೇ ಹೋಗುವುದು. 1164 ಮೀಟರ್ ಎತ್ತರದ ಹೋರ್ನಿಸ್‌ಗ್ರಿಂಡೆ ಬೆಟ್ಟದ ಮೇಲಿನ ಗೋಪುರ ರೈನ್ ಬಯಲಿಗೆಲ್ಲ ಚೆನ್ನಾಗಿ ಕೇಳುತ್ತದೆ, ಆದರೆ ಮುರ್ಗ್ ಕಣಿವೆಯೊಳಗೆ ಇಳಿದರೆ ಬೆಟ್ಟ ಅಡ್ಡ. ಅಲ್ಲಿಗೆ ಅದೇ ಕಾರ್ಯಕ್ರಮವನ್ನು ಬೇರೆ ಸಣ್ಣ ಗೋಪುರ ಬೇರೆ ಫ್ರೀಕ್ವೆನ್ಸಿಯಲ್ಲಿ ಕೊಡುತ್ತಿರುತ್ತದೆ. ಎ.ಎಫ್. ಆನ್ ಇದ್ದರೆ, ಸಂಕೇತ ಕ್ಷೀಣಿಸಿದಾಗ ಸೆಟ್ ತನ್ನ ಪಟ್ಟಿ ನೋಡಿ, ಇನ್ನೊಂದು ಫ್ರೀಕ್ವೆನ್ಸಿಗೆ ಕ್ಷಣ ಇಣುಕಿ, ಅಲ್ಲಿಯೂ ಅದೇ ಗುರುತಿನ ಸಂಖ್ಯೆ ಇದೆಯಾ ನೋಡಿ ಜಿಗಿಯುತ್ತದೆ. ಒಂದೇ ಟ್ಯೂನರ್ ಇರುವ ಸೆಟ್‌ನಲ್ಲಿ ಈ ಇಣುಕುವಿಕೆ ಅರೆಕ್ಷಣದ ಮೌನವಾಗಿ ಕೇಳಿಸುತ್ತದೆ. ಎರಡು ಟ್ಯೂನರ್ ಇದ್ದರೆ ಗೊತ್ತೇ ಆಗುವುದಿಲ್ಲ. ಜೊತೆಗೆ ರೆಗ್ ಅಂತ ಇನ್ನೊಂದಿದೆ. ಎಸ್.ಡಬ್ಲ್ಯೂ.ಆರ್. 4ರಂಥ ಸ್ಟೇಷನ್ ದಿನದ ಕೆಲವು ಹೊತ್ತು ಊರೂರಿಗೆ ಬೇರೆ ಬೇರೆ ಸುದ್ದಿ ಕೊಡುತ್ತದೆ. ರೆಗ್ ಆನ್ ಇದ್ದರೆ ಸೆಟ್ ನಮ್ಮ ಪ್ರದೇಶದ್ದನ್ನೇ ಹಿಡಿದು ನಿಲ್ಲುತ್ತದೆ. ದೂರ ಪ್ರಯಾಣಕ್ಕೆ ಆಫ್ ಇರುವುದೇ ವಾಸಿ.

ಊರೊಳಗೆ ಇನ್ನೊಂದು ಆಟ. ಸಿಗ್ನಲ್‌ನಲ್ಲಿ ಕಾರು ನಿಂತಾಗ ರೇಡಿಯೋ ಕರಕರ ಅಂದು, ಅರ್ಧ ಮೀಟರ್ ಮುಂದೆ ಸರಿದರೆ ಸರಿಹೋಗುವುದನ್ನು ನೋಡಿರಬಹುದು. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್. ಗೋಪುರದಿಂದ ನೇರ ಬಂದ ಅಲೆಯೂ ಎದುರಿನ ಕಟ್ಟಡಕ್ಕೆ ಬಡಿದು ಬಂದ ಅಲೆಯೂ ಒಂದು ಜಾಗದಲ್ಲಿ ಕೂಡಿಕೊಂಡರೆ ಸ್ವಲ್ಪ ಆಚೆ ಒಂದನ್ನೊಂದು ಅಳಿಸಿಹಾಕುತ್ತವೆ. ಓಡುವ ಕಾರಿನಲ್ಲಿ ಅದೇ ಪಟಪಟ ಸದ್ದು. ಇಂಥಲ್ಲಿ ಮೊದಲು ಕೆಡುವುದು ಸ್ಟೀರಿಯೋ. ಎಫ್.ಎಂ.ನಲ್ಲಿ ಮೇಲಿನ ಅಂತಸ್ತಿಗೆ ಹೋದಷ್ಟೂ ಗದ್ದಲ ಜಾಸ್ತಿ, ಎಡ ಬಲ ವ್ಯತ್ಯಾಸ ಇರುವುದು ಆ ಮೇಲಿನ ಅಂತಸ್ತಿನಲ್ಲೇ. ಅದಕ್ಕೇ ಕಾರಿನ ಸೆಟ್ ಸಂಕೇತ ಸೊರಗಿದಾಗ ಮೆಲ್ಲಗೆ ಮೋನೋಗೆ ಇಳಿಯುತ್ತದೆ, ಚೂಪು ಸ್ವರಗಳನ್ನೂ ತಗ್ಗಿಸುತ್ತದೆ. ದನಿ ಮಂಕಾಯಿತಲ್ಲ, ಸ್ಪೀಕರ್ ಹೋಯ್ತಾ ಅಂತ ನಾವು ಒಂದು ಸಲ ಬಾಗಿಲಿನ ಪ್ಯಾನಲ್ ಬಿಚ್ಚಿದ್ದೂ ಉಂಟು.

ಡಿ.ಎ.ಬಿ. ಪ್ಲಸ್‌ಗೆ ಈ ಕಾಟವಿಲ್ಲ. ಜರ್ಮನಿಯಲ್ಲಿ ದೇಶಕ್ಕೆಲ್ಲ ಒಂದೇ ಚಾನೆಲ್‌ನ ಡಿಜಿಟಲ್ ಪ್ರಸಾರ 2011ರ ಆಗಸ್ಟ್‌ನಲ್ಲಿ ಶುರುವಾಯಿತು. ಚಾನೆಲ್ 5ಸಿ. ಉತ್ತರದ ಹಾಂಬುರ್ಗ್‌ನಲ್ಲೂ ದಕ್ಷಿಣದ ಫ್ರೈಬುರ್ಗ್‌ನಲ್ಲೂ ಅದೇ. ಎಲ್ಲ ಗೋಪುರಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಗಿದರೆ ಗೊಂದಲವಾಗಬೇಕಲ್ಲ? ಆಗುವುದಿಲ್ಲ. ಒಂದೊಂದು ಸಂಕೇತದ ಮುಂದೆ 246 ಮೈಕ್ರೋಸೆಕೆಂಡಿನ ಬಿಡುವು ಇಟ್ಟಿರುತ್ತಾರೆ. ಅಷ್ಟು ಹೊತ್ತಿನಲ್ಲಿ ಅಲೆ ಸುಮಾರು 74 ಕಿಲೋಮೀಟರ್ ಓಡುತ್ತದೆ. ಆ ಅಂತರದೊಳಗೆ ತಡವಾಗಿ ಬಂದ ಪ್ರತಿಧ್ವನಿ, ಪಕ್ಕದ ಗೋಪುರದ ಅಲೆ ಎಲ್ಲವೂ ಅಡ್ಡಿ ಮಾಡುವ ಬದಲು ಬಲ ಕೂಡಿಸುತ್ತವೆ. ಆದರೆ ಡಿಜಿಟಲ್‌ಗೆ ಕ್ಷೀಣಿಸುವುದು ಗೊತ್ತಿಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ನೀರಲ್ಲಿ ಗುಳುಗುಳು ಅಂದು ಮೌನ. ಒಳ್ಳೆಯ ಸೆಟ್ ಆಗ ಅದೇ ಕಾರ್ಯಕ್ರಮದ ಎಫ್.ಎಂ.ಗೆ ದಾಟಿಕೊಳ್ಳುತ್ತದೆ.

2020ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರಿನ ರೇಡಿಯೋದಲ್ಲಿ ಡಿಜಿಟಲ್ ಕಡ್ಡಾಯ. ನಾವು ಕೊಳ್ಳುವ ಹಳೇ ಕಾರುಗಳಲ್ಲಿ ಇರುವುದಿಲ್ಲ. ಇಲ್ಲಿ ಅದಿಲ್ಲದೆಯೂ ನಡೆಯುತ್ತದೆ, ಆದರೆ ಬಾಸೆಲ್ ದಾಟಿದರೆ ಕಷ್ಟ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ತನ್ನ ಎಫ್.ಎಂ. ನಿಲ್ಲಿಸಿತು. ನಾರ್ವೆಯ ರಾಷ್ಟ್ರೀಯ ಸ್ಟೇಷನ್‌ಗಳು 2017ರಲ್ಲೇ ನಿಲ್ಲಿಸಿದ್ದವು. ಇನ್ನು ಮಧ್ಯಮ ತರಂಗ ಅಂದರೆ ಊರಿನಲ್ಲಿ ಅಜ್ಜಂದಿರು ಬೆಂಗಳೂರು ಆಕಾಶವಾಣಿಯ 612 ಹಿಡಿಯುತ್ತಿದ್ದ ಬ್ಯಾಂಡು. ಜರ್ಮನಿಯ ಡಾಯ್ಚ್‌ಲಾಂಡ್‌ಫುಂಕ್ 2015ರ ಕೊನೆಗೆ ಅದನ್ನು ಬಿಟ್ಟಿತು. ಸೆಟ್‌ನಲ್ಲಿ ಎ.ಎಂ. ಇದ್ದರೂ ಹಗಲಲ್ಲಿ ಬರೀ ಗುಂಯ್.

ಆಂಟೆನಾ, ಹಳದಿ ತಂತಿ, ಚಾರ್ಜರ್

ನಮ್ಮ ಕಾರಿನ ಈಗಿನ ಸೆಟ್ ಸಂತೆಯಲ್ಲಿ 40 ಯೂರೋಗೆ ತಂದದ್ದು. ಹಾಕಿದ ದಿನ ಹತ್ತಿರದ ಒಂದೆರಡು ಸ್ಟೇಷನ್ ಬಿಟ್ಟು ಏನೂ ಹಿಡಿಯಲಿಲ್ಲ. ಸೆಟ್ ಕೆಟ್ಟಿದೆ ಅಂತ ಮಾರಿದವರನ್ನು ಒಂದು ವಾರ ಬೈದೆವು. ಆಮೇಲೆ ಗೊತ್ತಾಯಿತು, ತಪ್ಪು ಸೆಟ್ಟಿನದಲ್ಲ. ಇಲ್ಲಿನ ಎಷ್ಟೋ ಕಾರುಗಳ ಚಾವಣಿಯ ಮೇಲಿನ ಮೋಟು ಆಂಟೆನಾದ ಬುಡದಲ್ಲಿ ಒಂದು ಆಂಪ್ಲಿಫೈಯರ್ ಇರುತ್ತದೆ. ಮುಕ್ಕಾಲು ಮೀಟರ್ ಕಡ್ಡಿ ಮಾಡಬೇಕಾದ ಕೆಲಸವನ್ನು ಗೇಣುದ್ದದ್ದು ಮಾಡಬೇಕಲ್ಲ. ಅದಕ್ಕೆ 12 ವೋಲ್ಟ್ ಕರೆಂಟ್ ಆಂಟೆನಾ ಕೇಬಲ್ ಮೂಲಕವೇ ಹೋಗಬೇಕು. ಕಂಪನಿಯ ಸೆಟ್ ಅದನ್ನು ಕೊಡುತ್ತದೆ, ಹೊರಗಿನ ಸೆಟ್ ಕೊಡುವುದಿಲ್ಲ. ನಡುವೆ ಫ್ಯಾಂಟಮ್ ಅಡಾಪ್ಟರ್ ಅಂತ ಸಣ್ಣದೊಂದು ತುಂಡು ಹಾಕಿ, ಅದರ ತಂತಿಯನ್ನು ಸೆಟ್ಟಿನ ನೀಲಿ ತಂತಿಗೆ ಕೊಟ್ಟೆವು. ಹನ್ನೆರಡು ಯೂರೋ. ರೈನ್ ಆಚೆಯ ಫ್ರೆಂಚ್ ಸ್ಟೇಷನ್‌ಗಳೂ ಬಂದವು.

ಅದೇ ಸೆಟ್ ಕಾರು ಆಫ್ ಮಾಡಿದಾಗಲೆಲ್ಲ ಸ್ಟೇಷನ್‌ಗಳನ್ನು ಮರೆಯುತ್ತಿತ್ತು. ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀಲಿಗೆ ಸೇರಬೇಕು. ಕೆಲವು ಕಾರುಗಳ ಪ್ಲಗ್‌ನಲ್ಲಿ ಇವೆರಡು ಅದಲುಬದಲು. ತಯಾರಕರಿಗೂ ಗೊತ್ತು, ಅದಕ್ಕೇ ಹೊರಗಿನ ಸೆಟ್‌ಗಳ ಜೊತೆ ಬರುವ ಆ ಎರಡು ತಂತಿಗಳ ಮಧ್ಯೆ ಬಿಚ್ಚಿ ಬದಲಿಸುವ ಕನೆಕ್ಟರ್ ಇರುತ್ತದೆ. ಒಂದು ನಿಮಿಷದ ಕೆಲಸ. ಟಿ.ಎ. ಆನ್ ಮಾಡಿದ್ದನ್ನೂ ಸೆಟ್ ಮರೆಯುತ್ತಿದ್ದರೆ ಕಾರಣ ಇದೇ ಇರಬಹುದು.

ಇಷ್ಟಾದರೂ ಕರಕರ ಅಂತಿದ್ದರೆ ಸಿಗರೇಟ್ ಲೈಟರ್ ಜಾಗದ ಯು.ಎಸ್.ಬಿ. ಚಾರ್ಜರ್ ಕಿತ್ತು ನೋಡಿ. ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳೇ ಒಂದು ಪುಟ್ಟ ರೇಡಿಯೋ ಸ್ಟೇಷನ್ ಇದ್ದ ಹಾಗೆ, ಗದ್ದಲದ ಸ್ಟೇಷನ್.

ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಪಿಎಚ್.ಡಿ.ಗೆ ಇಲ್ಲಿ ಬಂದ ಅಣ್ಣ ಒಬ್ಬರು ತಮ್ಮ ಸೆಟ್ಟನ್ನೂ ಹೊತ್ತು ತಂದಿದ್ದರು. ಅಲ್ಲಿ ಸ್ಟೇಷನ್‌ಗಳು 88.1, 88.3 ಹೀಗೆ ಬೆಸ ಅಂಕಿಗಳಲ್ಲೇ. ಇಲ್ಲಿ 88.2 ಕೂಡ ಉಂಟು. ಸೆಟ್ ಅರ್ಧ ಸ್ಟೇಷನ್‌ಗಳನ್ನು ಹಾರಿಸಿಕೊಂಡೇ ಹೋಗುತ್ತಿತ್ತು. ಬೆಂಗಳೂರಿನ 91.1, 101.3, 102.9 ಆದರೆ ಹಿಡಿದೀತು, ಮೈಸೂರು ಆಕಾಶವಾಣಿಯ 100.6 ಹಿಡಿಯದು. ಇನ್ನೊಂದು ವ್ಯತ್ಯಾಸ ಕಿವಿಗೆ ಸಂಬಂಧಿಸಿದ್ದು. ಗದ್ದಲ ತಗ್ಗಿಸಲು ಸ್ಟೇಷನ್‌ಗಳು ಚೂಪು ಸ್ವರಗಳನ್ನು ಎತ್ತಿ ಕಳಿಸುತ್ತವೆ, ಸೆಟ್ ಅಷ್ಟನ್ನೇ ಇಳಿಸುತ್ತದೆ. ಅಮೆರಿಕದ ಅಳತೆ 75 ಮೈಕ್ರೋಸೆಕೆಂಡ್, ಯೂರೋಪಿನದು 50. ಅಲ್ಲಿಯ ಸೆಟ್ ಇಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಇಳಿಸಿ, ದನಿ ಕಂಬಳಿ ಹೊದ್ದ ಹಾಗಾಗುತ್ತದೆ. ಮೆನುವಿನಲ್ಲಿ ಏರಿಯಾ ಅಂತ ಇದ್ದರೆ ಯೂರೋಪ್ ಆರಿಸಿದರಾಯಿತು. ಅಣ್ಣನ ಸೆಟ್‌ನಲ್ಲಿ ಇತ್ತು, ಅವರು ಎರಡು ವರ್ಷ ನೋಡಿರಲಿಲ್ಲ.

ದನಿಯ ಹದ

ಇನ್ನು ಎಲ್ಲರಿಗೂ ಇಷ್ಟವಾದ ಭಾಗ, ಬಾಸ್. ಸೆಟ್‌ನ ಮೇಲೆ 50 ವ್ಯಾಟ್ ಗುಣಿಸು 4 ಅಂತ ಬರೆದಿರುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿರುವುದು 14.4 ವೋಲ್ಟ್, ಸ್ಪೀಕರ್ 4 ಓಮ್. ಲೆಕ್ಕ ಹಾಕಿದರೆ ಶುದ್ಧ ಸ್ವರಕ್ಕೆ 26 ವ್ಯಾಟ್‌ಗಿಂತ ಹೆಚ್ಚು ಸಾಧ್ಯವೇ ಇಲ್ಲ, ನಿಜದಲ್ಲಿ ಇನ್ನೂ ಕಮ್ಮಿ. ಆ 50 ಬರುವುದು ಅಲೆಯ ತಲೆ ಪೂರ್ತಿ ಚಪ್ಪಟೆಯಾಗಿ ಒಡೆದ ದನಿಗೆ. ಈಗ ಈಕ್ವಲೈಜರ್‌ನಲ್ಲಿ ಬಾಸ್ 6 ಡೆಸಿಬೆಲ್ ಏರಿಸಿದಿರಿ ಅನ್ನಿ, ಆ ಭಾಗಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು. ಇರುವ ಇಪ್ಪತ್ತು ಚಿಲ್ಲರೆಯಲ್ಲಿ ಅದೆಲ್ಲಿಂದ ಬರಬೇಕು? ಬಾಸ್ ಎಲ್ಲವನ್ನೂ ನುಂಗಿ ಹಾಡುಗಾರರ ದನಿ ಒಡೆಯುತ್ತದೆ. ಹಾಗಾಗಿ ಬೇಕಾದ್ದನ್ನು ಏರಿಸುವುದಕ್ಕಿಂತ ಬೇಡದ್ದನ್ನು ಇಳಿಸುವುದು ನಮ್ಮ ಪದ್ಧತಿ. ಬಾಗಿಲಿನ ಸಣ್ಣ ಸ್ಪೀಕರ್‌ಗಳಿಗೆ ಹೈ ಪಾಸ್ ಫಿಲ್ಟರ್ 80 ಹರ್ಟ್ಸ್‌ನಲ್ಲಿ ಇಟ್ಟೆವು. ಅವಕ್ಕೆ ಆಗದ ಕೆಲಸದಿಂದ ಬಿಡುಗಡೆ ಸಿಕ್ಕಿತು, ದನಿ ಎದ್ದು ಬಂತು.

ರಾಕ್, ಪಾಪ್ ಎಂಬ ಸಿದ್ಧ ಆಯ್ಕೆಗಳು ಸಾಮಾನ್ಯವಾಗಿ ಎರಡು ತುದಿ ಎತ್ತಿ ನಡು ತಗ್ಗಿಸುತ್ತವೆ. ಮನುಷ್ಯರ ದನಿ ಇರುವುದು ಆ ನಡುವಿನಲ್ಲೇ. ಸಿ. ಅಶ್ವತ್ಥ್ ಅವರ ಭಾವಗೀತೆಯಲ್ಲಿ ಪದವೇ ಕೇಳದಿದ್ದರೆ ಏನು ಬಂತು? ಫ್ಲಾಟ್‌ನಿಂದ ಶುರುಮಾಡಿ. ಲೌಡ್‌ನೆಸ್ ಗುಂಡಿ ಮಾತ್ರ ಬೇರೆ ವಿಷಯ. ಮೆಲ್ಲಗೆ ಕೇಳುವಾಗ ನಮ್ಮ ಕಿವಿಗೆ ತಗ್ಗಿನ ಸ್ವರ ಸರಿಯಾಗಿ ಕೇಳುವುದಿಲ್ಲ, ಅದನ್ನು ತುಂಬಿಕೊಡುವುದು ಅದರ ಕೆಲಸ. ಜೋರಾಗಿ ಕೇಳುವಾಗ ಆಫ್ ಮಾಡಿ. ಆಟೋಬಾನ್‌ನಲ್ಲಿ ಟೈರಿನ ಗುಂಯ್ ಶಬ್ದ ಮೃದಂಗದ ಎಡಗಡೆಯ ಪೆಟ್ಟನ್ನೇ ಮುಚ್ಚುತ್ತದೆ, ಆಗ ಒಂದೆರಡು ಡೆಸಿಬೆಲ್ ಬಾಸ್ ಏರಿಸುವುದು ನ್ಯಾಯವೇ.

ಕಾರಿನಲ್ಲಿ ಯಾರೂ ಎರಡು ಸ್ಪೀಕರ್‌ಗಳ ನಡುವೆ ಕೂರುವುದಿಲ್ಲ. ಇಲ್ಲಿ ಡ್ರೈವರ್ ಎಡಗಡೆ. ಎಡ ಸ್ಪೀಕರ್ 80 ಸೆಂಟಿಮೀಟರ್ ದೂರ, ಬಲದ್ದು 140 ಅಂದುಕೊಳ್ಳಿ. 60 ಸೆಂಟಿಮೀಟರ್ ಹೆಚ್ಚು ದಾಟಲು ದನಿಗೆ ಸುಮಾರು 1.75 ಮಿಲಿಸೆಕೆಂಡ್ ಬೇಕು. ಇಷ್ಟೇ ಸಾಕು, ಹಾಡುಗಾರರು ಎಡ ಬಾಗಿಲೊಳಗೆ ಕೂತು ಹಾಡಿದ ಹಾಗಾಗಲು. ಟೈಮ್ ಅಲೈನ್‌ಮೆಂಟ್ ಇರುವ ಸೆಟ್‌ನಲ್ಲಿ ಟೇಪ್ ಹಿಡಿದು ಅಳೆದು, ಹತ್ತಿರದ ಸ್ಪೀಕರ್ ಅನ್ನು ಅಷ್ಟು ತಡ ಮಾಡಿಸಿದರೆ ದನಿ ಡ್ಯಾಶ್‌ಬೋರ್ಡ್ ಮಧ್ಯಕ್ಕೆ ಬರುತ್ತದೆ. ಆದರೆ ಪಕ್ಕದಲ್ಲಿ ಕೂತವರಿಗೆ ಇನ್ನೂ ಕೆಡುತ್ತದೆ. ಸೌಂಡ್ ಚೆನ್ನಾಗಿಲ್ಲ ಅಂತ ಅವರು ಅನ್ನುವುದೂ ನಿಜವೇ. ಅದಿಲ್ಲದಿದ್ದರೆ ಬ್ಯಾಲೆನ್ಸ್ ಎರಡು ಮೆಟ್ಟಿಲು ಬಲಕ್ಕೆ. ಫೇಡರ್ ಸ್ವಲ್ಪ ಮುಂದಕ್ಕೆ. ಹಿಂದೆ ನಿದ್ದೆ ಮಾಡುವವರಿದ್ದರೆ ಪೂರ್ತಿ ಮುಂದಕ್ಕೆ.

ಬಾಗಿಲಿನಿಂದ ಡರ್ ಡರ್ ಸದ್ದು ಬಂದರೆ ಸ್ಪೀಕರ್ ಹರಿದಿದೆ ಅಂತ ಹೊಸದನ್ನು ಆರ್ಡರ್ ಮಾಡುವ ಮುಂಚೆ ಬಾಗಿಲಿನ ಜೇಬು ನೋಡಿ. ನಮ್ಮದರಲ್ಲಿ ಸಿಕ್ಕಿದ್ದು ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ. ಅಂಗಡಿಗೆ ವಾಪಸ್ ಕೊಟ್ಟೆವು, 50 ಸೆಂಟ್ ಬಂತು.

ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಈಗ ಒಂದು ಚೀಟಿ ಇದೆ: ಟಿ.ಎ. ಆನ್, ಎ.ಎಫ್. ಆನ್, ರೆಗ್ ಆಫ್, ಟಿ.ಪಿ. ಕಾಣುವ ಸ್ಟೇಷನ್, ಹೈ ಪಾಸ್ 80, ಲೌಡ್‌ನೆಸ್ ಆಫ್. ಯಾರು ಓಡಿಸಿದರೂ ಹೊರಡುವ ಮುಂಚೆ ಅದಕ್ಕೆ ತಾಳೆ ಹಾಕಿ ನೋಡುವುದು ನಮ್ಮ ನಾಲ್ವರ ನಡುವಿನ ಕರಾರು. ಕಾರು ಬೇಕಾದವರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಮುಂಚೆ ಹೇಳಿ, ಪೆಟ್ರೋಲ್ ಹಾಕಿಸಿ ವಾಪಸ್ ಕೊಡಿ. ಬ್ಯಾಲೆನ್ಸ್, ಫೇಡರ್ ಏನು ಬೇಕಾದರೂ ಮಾಡಿಕೊಳ್ಳಿ. ಟಿ.ಎ. ಮುಟ್ಟಬೇಡಿ.